ಕುಂಕುಮ ಹಚ್ಚಿದ ಸ್ಕೀ

ನನ್ನ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ನಲ್ಲಿದ್ದಾರೆ. ಅಲ್ಲಿ ಹಿಮ ಬೀಳಬಹುದು ಎಂಬ ಸುದ್ದಿ ಬಂದರೆ ಸಾಕು, ಬೀಳುವ ಮೊದಲೇ ಶಾಲೆಗಳಿಗೆ ರಜೆ ಕೊಡುತ್ತಾರೆ, ಅಂಗಡಿಗಳಲ್ಲಿ ಹಾಲು ಬ್ರೆಡ್ಡು ಖಾಲಿಯಾಗುತ್ತವೆ. ಬಿದ್ದ ಹಿಮ ಊಟದ ಹೊತ್ತಿಗೆ ಕರಗಿ ಚರಂಡಿ ಸೇರುತ್ತದೆ. ಅಂಥ ಊರಿನಲ್ಲಿ ಕೂತು ಅವರು ನಮ್ಮ ಇಡೀ ಬಂಧುಬಳಗಕ್ಕೆ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ವಿಷಯದಲ್ಲಿ ಸಲಹೆ ಕೊಡುವ ಅಧಿಕಾರ ಪಡೆದಿದ್ದರು. ಆ ಅಧಿಕಾರ ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆತನದಲ್ಲಿ ಹಿರಿಯರ ಜ್ಞಾನಕ್ಕೆ ಪುರಾವೆ ಕೇಳುವ ಪದ್ಧತಿಯಿಲ್ಲ.

ಅವರ ಅನುಭವ ಇಷ್ಟೇ. ಒಂದು ಸಲ ಕಂಪನಿಯವರ ಜೊತೆ ಕೊಲರಾಡೋಗೆ ಹೋಗಿದ್ದರು. ಅಲ್ಲಿ ಮೊಣಕಾಲುದ್ದದ ಹೊಸ ಹಿಮ, ಜರಡಿ ಹಿಡಿದ ಹಿಟ್ಟಿನಂಥದ್ದು, ಬಿದ್ದರೆ ಹಾಸಿಗೆಯ ಮೇಲೆ ಬಿದ್ದ ಹಾಗೆ. ಆ ಒಂದು ವಾರದಲ್ಲಿ ಎಷ್ಟು ಹೊತ್ತು ಬೆಟ್ಟದ ಮೇಲಿದ್ದರೋ, ಎಷ್ಟು ಹೊತ್ತು ಕಾಫಿ ಕಪ್ಪಿನ ಮುಂದಿದ್ದರೋ ದೇವರೇ ಬಲ್ಲ. ವಾಪಸ್ ಬಂದವರು ಮಾತ್ರ ಹಿಮದಲ್ಲೇ ಹುಟ್ಟಿ ಬೆಳೆದವರ ಧಾಟಿಯಲ್ಲಿ ಮಾತಾಡತೊಡಗಿದರು. ‘ಫ್ಲೋಟ್ ಇರಬೇಕು, ಫ್ಲೋಟ್’ ಎನ್ನುವುದು ಅವರ ಮಂತ್ರ. ಸ್ಕೀ ಅಗಲವಾದಷ್ಟೂ ತೇಲುತ್ತದೆ, ತೇಲಿದಷ್ಟೂ ಒಳ್ಳೆಯದು. ಅದು ತೇಲಬೇಕಾದರೆ ಕೆಳಗೆ ಆಳವಾದ ಮೆತ್ತನೆಯ ಹಿಮ ಇರಬೇಕು ಎಂಬ ಸಣ್ಣ ವಿಷಯವನ್ನು ಅವರು ಕೊಲರಾಡೋದಲ್ಲೇ ಬಿಟ್ಟು ಬಂದಿದ್ದರು.

ಭಾವನವರೊಬ್ಬರನ್ನೇ ಯಾಕೆ ಅನ್ನಲಿ. ಕಲಿಯುವ ಮೊದಲು ಕೊಳ್ಳುವುದು ನಮ್ಮವರೆಲ್ಲರ ಚಾಳಿ. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ, ನಮ್ಮ ಬೀದಿಯಲ್ಲಿ, ಯಾವ ಗರಾಜಿನ ಬಾಗಿಲು ಬೇಕಾದರೂ ತೆಗೆಸಿ ನೋಡಿ. ಚಂದ್ರನನ್ನು ಒಂದೇ ಒಂದು ಸಲ ಕಂಡ ಟೆಲಿಸ್ಕೋಪು, ಒದ್ದೆ ಟವೆಲ್ ಹೊತ್ತು ನಿಂತ ಟ್ರೆಡ್‌ಮಿಲ್ಲು, ಪೆಟ್ಟಿಗೆಯಿಂದ ಹೊರಬರದ ಕಯಾಕು ದೋಣಿ ಸಿಗುತ್ತವೆ. ಒಂದು ವಸ್ತು ಕೊಳ್ಳುವ ಮುಂಚೆ ತಿಂಗಳುಗಟ್ಟಲೆ ರಿವ್ಯೂ ಓದುತ್ತಾರೆ, ವಿಡಿಯೋ ನೋಡುತ್ತಾರೆ, ಡೀಲ್ ಹುಡುಕುತ್ತಾರೆ. ಅದು ಯಾರ ಕಾಲಿಗೆ, ಯಾವ ನೆಲಕ್ಕೆ ಅನ್ನುವುದೊಂದನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ಚಳಿಗಾಲದ ಶನಿವಾರ ಸ್ಕೀ ಗುಡ್ಡದ ಕೆಳಗಿನ ಲಾಡ್ಜಿನಲ್ಲಿ ಇವರನ್ನು ನೋಡಬೇಕು. ಮೈಮೇಲೆ ಹಿಮಾಲಯ ಹತ್ತುವವರ ಜಾಕೆಟ್ಟು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ, ಕೈಯಲ್ಲಿ ಪುಳಿಯೋಗರೆ ಡಬ್ಬಿ. ಪುಳಿಯೋಗರೆಯ ಬಗ್ಗೆ ನನ್ನ ತಕರಾರಿಲ್ಲ, ಅದೊಂದನ್ನು ಅವರು ತಿಳಿದು ಮಾಡಿರುತ್ತಾರೆ.

ನಾನು ಮತ್ತು ನನ್ನ ಮಗಳು ಸ್ಕೀ ಕಲಿತದ್ದು ಕೋವಿಡ್ ಕಾಲದ ಚಳಿಗಾಲದಲ್ಲಿ. ಮನೆಯೊಳಗೇ ಆಫೀಸು, ಮನೆಯೊಳಗೇ ಶಾಲೆ. ಒಬ್ಬರ ಮುಖ ಒಬ್ಬರಿಗೆ ಸಾಕಾಗಿ ಹೋಗಿತ್ತು. ಪೆನ್ಸಿಲ್ವೇನಿಯಾ ಗಡಿ ದಾಟಿ ಸ್ವಲ್ಪ ದೂರಕ್ಕೆ ಒಂದು ಗುಡ್ಡವಿದೆ, ಹೊರಗಿನ ಗಾಳಿಯಲ್ಲಿ ಮಾಡುವ ಆಟವಾದ್ದರಿಂದ ಅದನ್ನು ತೆರೆದಿಟ್ಟಿದ್ದರು. ಬಾಡಿಗೆ ಬೂಟು, ಬಾಡಿಗೆ ಸ್ಕೀ ಹಾಕಿಕೊಂಡು ಇಬ್ಬರೂ ಬಿದ್ದೆವು, ಎದ್ದೆವು, ಮತ್ತೆ ಬಿದ್ದೆವು. ಯಾರೂ ಸಲಹೆ ಕೊಡಲಿಲ್ಲವಾದ್ದರಿಂದ ಬೇಗ ಕಲಿತೆವು ಅನಿಸುತ್ತದೆ.

ಆ ಗುಡ್ಡದ ಹಿಮ ಆಕಾಶದಿಂದ ಬೀಳುವುದು ಅಪರೂಪ. ಚಳಿ ಬಿಗಿಯಾದಾಗ ಯಂತ್ರಗಳು ನೀರು ಚಿಮ್ಮಿಸಿ ಹಿಮ ಮಾಡುತ್ತವೆ. ಬೆಳಿಗ್ಗೆ ಅದು ಚಪ್ಪಡಿ ಕಲ್ಲು, ಮಧ್ಯಾಹ್ನದ ಬಿಸಿಲಿಗೆ ಅಂಬಲಿ, ಸಂಜೆಗೆ ಮತ್ತೆ ಕಲ್ಲು. ಇಂಥ ನೆಲಕ್ಕೆ ಬೇಕಾದದ್ದು ತೇಲುವ ಸ್ಕೀ ಅಲ್ಲ, ಕಚ್ಚುವ ಸ್ಕೀ. ನಡು ಕಿರಿದಾಗಿರಬೇಕು, ಅಂಚಿನ ಉಕ್ಕು ಚೂಪಾಗಿರಬೇಕು, ಕಾಲು ಓರೆ ಮಾಡಿದ ಕೂಡಲೇ ಆ ಅಂಚು ಮಂಜುಗಡ್ಡೆಗೆ ಇಳಿಯಬೇಕು. ಅಗಲದ ಸ್ಕೀ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದೇ ನಿಧಾನ, ಅಷ್ಟರಲ್ಲಿ ನೀವು ಬೇಲಿ ತಲುಪಿರುತ್ತೀರಿ. ಅದರ ಮೂತಿ ದೋಣಿಯ ಹಾಗೆ ಮೇಲಕ್ಕೆ ಬಾಗಿರುವುದರಿಂದ ಗಟ್ಟಿ ನೆಲದ ಮೇಲೆ ಅಂಚಿನ ಬಹುಪಾಲು ತಾಗುವುದೂ ಇಲ್ಲ. ಇನ್ನು ಉದ್ದದ ಮಾತು. ಚಿಕ್ಕ ಚಿಕ್ಕ ತಿರುವು ಹಾಕುವವರಿಗೆ ಸ್ಕೀ ನಿಲ್ಲಿಸಿದರೆ ಗಲ್ಲದಿಂದ ಮೂಗಿನ ತನಕ ಬಂದರೆ ಸಾಕು. ಇದು ಬ್ರಹ್ಮವಿದ್ಯೆಯಲ್ಲ. ಬಿದ್ದವರಿಗೆಲ್ಲ ಸೊಂಟವೇ ಹೇಳಿಕೊಡುತ್ತದೆ.

ಮಗಳದ್ದು ಅಂಥ ಚಿಕ್ಕ ತಿರುವುಗಳ ಓಟವೇ. ಮೊಣಕಾಲು ಬಾಗಿಸಿ, ಮುಂಗಾಲನ್ನು ಬೂಟಿಗೆ ಒತ್ತಿ, ಹೊಲಿಗೆ ಹಾಕಿದ ಹಾಗೆ ಎಡಕ್ಕೊಂದು ಬಲಕ್ಕೊಂದು ತಿರುಗುತ್ತಾ ಇಳಿಯುತ್ತಿದ್ದಳು. ನಾನು ಮೇಲೆ ನಿಂತು ನೋಡುತ್ತಿದ್ದೆ, ನೋಡಿದಷ್ಟೂ ಖುಷಿಯಾಗುತ್ತಿತ್ತು. ಭರತನಾಟ್ಯಕ್ಕೆ ಸೇರಿಸಿದೆವು, ಬಿಟ್ಟಳು. ಪಿಟೀಲು ಕೊಡಿಸಿದೆವು, ಅದೂ ಗರಾಜು ಸೇರಿತು. ಸ್ಕೀ ಒಂದನ್ನು ತಾನೇ ಬಯಸಿ ಹಿಡಿದಿದ್ದಳು. ಆ ಗುಡ್ಡಕ್ಕೊಂದು ಮಕ್ಕಳ ರೇಸ್ ಟೀಮ್ ಇದೆ. ಪ್ರತಿ ಜನವರಿಯಲ್ಲಿ ಪರೀಕ್ಷೆ ಓಟ ಓಡಿಸಿ ಕೆಲವರನ್ನು ತೆಗೆದುಕೊಳ್ಳುತ್ತಾರೆ. ಹದಿಮೂರು ದಾಟಿದ ಹೊಸಬರಿಗೆ ಅಲ್ಲಿ ಜಾಗವಿಲ್ಲ. ನಾನು ಹೇಳುತ್ತಿರುವ ವರ್ಷ ಅವಳಿಗೆ ಹದಿಮೂರು, ಅದೇ ಕೊನೆಯ ಅವಕಾಶ. ಹಿಂದಿನ ಬೇಸಿಗೆಯೆಲ್ಲ ಅದೇ ಧ್ಯಾನ. ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ಕುಕ್ಕರಿಸಿ ಏಳುತ್ತಿದ್ದಳು, ಹಲ್ಲುಜ್ಜುವಾಗಲೂ ಮೊಣಕಾಲು ಬಾಗಿಸಿಯೇ ನಿಲ್ಲುತ್ತಿದ್ದಳು.

ಈ ವಿಷಯ ಏಪೆಕ್ಸ್‌ಗೆ ಮುಟ್ಟಿತು. ಮುಟ್ಟಿಸಿದವರು ನನ್ನ ಗಂಡ. ಬಾಯಲ್ಲಿ ಮಾತು ನಿಲ್ಲದ ಜನ.

ಆ ಸಲದ ದಸರಾಕ್ಕೆ ಭಾವನವರು ಸಂಸಾರ ಸಮೇತ ಕಾರಿನಲ್ಲಿ ಬಂದರು. ಕಾರಿನ ತಲೆಯ ಮೇಲೆ ಉದ್ದನೆಯದೊಂದು ಕಟ್ಟು. ಬಿಚ್ಚಿದರೆ ಒಂದು ಜೊತೆ ಸ್ಕೀ, ನೀಲಿ ಬಣ್ಣ, ಮೂತಿಯ ಮೇಲೆ ಡ್ರ್ಯಾಗನ್ ಚಿತ್ರ. ನಾಲ್ಕು ದೋಸೆ ಪಕ್ಕಪಕ್ಕ ಹುಯ್ಯಬಹುದಾದಷ್ಟು ಅಗಲ. ಮಗಳ ಪಕ್ಕ ನಿಲ್ಲಿಸಿದರೆ ಅವಳ ನೆತ್ತಿಯ ಮೇಲೆ ಇನ್ನೂ ಒಂದು ಗೇಣು.

‘ಇಷ್ಟುದ್ದ ಯಾಕೆ ಭಾವ?’ ಅಂದೆ.

‘ಬೆಳೆಯೋ ಹುಡುಗಿ ಅಲ್ವೇನಮ್ಮ. ಇನ್ನೆರಡು ವರ್ಷಕ್ಕೆ ಪರ್ಫೆಕ್ಟ್ ಆಗಿ ಫಿಟ್ ಆಗುತ್ತೆ. ಒಳ್ಳೇ ಡೀಲ್ ಸಿಕ್ತು, ಬಿಡೋಕಾಗುತ್ತಾ?’

‘ಅಗಲಾನೂ ಜಾಸ್ತಿ ಆಯ್ತಲ್ಲ.’

‘ಫ್ಲೋಟ್,’ ಅಂದರು.

ನಮ್ಮ ಕಾಲದಲ್ಲಿ ಯೂನಿಫಾರಂ ಲಂಗವನ್ನು ಉದ್ದ ಹೊಲಿಸಿ, ಕೆಳಗೆ ಎರಡು ಮಡಿಕೆ ಹಾಕಿಸಿ, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದರು. ಶೂ ದೊಡ್ಡದು ತಂದು ಮೂತಿಗೆ ಹತ್ತಿ ತುರುಕುತ್ತಿದ್ದರು. ಆ ಬುದ್ಧಿ ಸಮುದ್ರ ದಾಟಿದರೂ, ಸಂಬಳ ಎಷ್ಟು ಬಂದರೂ ಹೋಗುವುದಿಲ್ಲ. ಸ್ಕೀಗೆ ಮಡಿಕೆ ಹಾಕಿ ಹೊಲಿಯಲು ಬರುವುದಿಲ್ಲ ಎಂದು ಹೇಳೋಣವೆಂದರೆ ಅಷ್ಟರಲ್ಲಿ ಮಗಳು ‘ಥ್ಯಾಂಕ್ಯೂ ದೊಡ್ಡಪ್ಪ’ ಅಂದು ಅವರನ್ನು ತಬ್ಬಿಕೊಂಡಿದ್ದಳು. ನಮ್ಮ ಹುಡುಗಿಗೆ ಮರ್ಯಾದೆ ಕಲಿಸಿದ್ದೇವಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮಾರನೆಯ ದಿನ ಅಂಗಡಿಗೆ ಹಿಂದಿರುಗಿಸಿ ಬೇರೆ ತರಬಹುದಿತ್ತು. ಮಾರನೆಯ ದಿನ ಆಯುಧಪೂಜೆ. ಮೈಸೂರಿನವರಿಗೆ ಆ ದಿನ ಕೈಗೆ ಸಿಕ್ಕಿದ್ದೆಲ್ಲ ಆಯುಧವೇ. ಗರಾಜಿನಲ್ಲಿ ಎರಡು ಕಾರು, ಲ್ಯಾಪ್‌ಟಾಪುಗಳು, ಮಿಕ್ಸಿ, ಹುಲ್ಲು ಕತ್ತರಿಸುವ ಯಂತ್ರ, ಇವೆಲ್ಲದರ ನಡುವೆ ಉತ್ಸವಮೂರ್ತಿಯಂತೆ ಗೋಡೆಗೊರಗಿ ನಿಂತ ಸ್ಕೀ. ಭಾವನವರು ಪಂಚೆಯುಟ್ಟು, ಮೇಲೆ ಫ್ಲೀಸ್ ಜಾಕೆಟ್ ಹಾಕಿಕೊಂಡು, ಡ್ರ್ಯಾಗನ್ನಿನ ಹಣೆಗೆ ಗಂಧ ಹಚ್ಚಿದರು. ಅರಿಶಿನ ಕುಂಕುಮವನ್ನು ಮೇಲೆ ಹಚ್ಚಿದ್ದು ಸಾಲದೆ, ‘ಓಡೋದು ಇದೇ ಭಾಗ ತಾನೇ’ ಎಂದು ತಿರುಗಿಸಿ, ಮೇಣ ಸವರಿದ ನುಣುಪಾದ ಅಡಿಭಾಗದ ಉದ್ದಕ್ಕೂ ಎಳೆದರು. ಆಮೇಲೆ ಡ್ರೈವ್‌ವೇಯಲ್ಲಿ ನಾಲ್ಕು ನಿಂಬೆಹಣ್ಣಿಟ್ಟು, ಮಗಳಿಗೆ ನಾವು ಕೊಡಿಸಿದ್ದ ಬೂಟು, ಈ ಸ್ಕೀ ಎರಡನ್ನೂ ಹಾಕಿಸಿ, ಕಾರಿನ ಚಕ್ರ ಹತ್ತಿಸುವ ಹಾಗೆ ಹತ್ತಿಸಿದರು. ನಿಂಬೆಹಣ್ಣು ಅಪ್ಪಚ್ಚಿಯಾಗದೆ ಜಾರಿ ರಸ್ತೆಗೆ ಉರುಳಿದವು. ಸ್ಕೀ ಮಾತ್ರ ಡಾಂಬರಿನ ಮೇಲೆ ಕರಕರ ಉಜ್ಜಿತು. ಎದುರುಮನೆಯವರು ನಾಯಿ ಹಿಡಿದುಕೊಂಡು ನಿಂತು ನೋಡಿದರು. ನಾಯಿಗೂ ಅರ್ಥವಾಗಲಿಲ್ಲ.

ಅವರು ಊರಿಗೆ ಹೊರಟ ಮೇಲೆ ಗಂಡನ ಹತ್ತಿರ ಮಾತು ತೆಗೆದೆ.

‘ಇದನ್ನ ರಿಟರ್ನ್ ಮಾಡೋಣ. ಗೀರು ಬಿದ್ದಿದ್ರೂ ಕೇಳಿ ನೋಡೋಣ.’

‘ಪೂಜೆ ಆಗಿರೋದನ್ನ ವಾಪಸ್ ಕೊಡ್ತಾರಾ ಯಾರಾದ್ರೂ? ಅಣ್ಣಂಗೆ ಗೊತ್ತಾದ್ರೆ ಎಷ್ಟು ಬೇಜಾರಾಗುತ್ತೆ.’

‘ಇವಳು ಬಿದ್ರೆ?’

‘ಅಡ್ಜಸ್ಟ್ ಮಾಡ್ಕೋತಾಳೆ ಬಿಡು. ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಲಂತೆ, ಹಂಗಾಯ್ತು ನಿಂದು.’

ನನಗೆ ಆ ಗಾದೆಯೇ ಹಿಡಿಸುವುದಿಲ್ಲ. ಉಡುವವಳು ಮೊಳ ಹಾಕದೆ ಇನ್ಯಾರು ಹಾಕಬೇಕು. ನನ್ನ ಗಂಡ ಆಫೀಸಿನಲ್ಲಿ ಇಡೀ ತಂಡವನ್ನು ನಡುಗಿಸುವ ಮನುಷ್ಯ ಅಂತ ಕೇಳಿದ್ದೇನೆ. ಅಣ್ಣನ ಫೋನು ಬಂದರೆ ಕೂತಲ್ಲಿಂದ ಎದ್ದು ನಿಂತು ಮಾತಾಡುತ್ತಾರೆ. ಐವತ್ತರ ಹತ್ತಿರ ಬಂದ ಗಂಡಸು, ಏಪೆಕ್ಸ್‌ನಲ್ಲಿರುವ ಅಣ್ಣನಿಗೆ ಇವರು ನಿಂತದ್ದು ಕಾಣುತ್ತದೆಯೇ.

ಮಗಳು ಡಿಸೆಂಬರ್‌ನಲ್ಲಿ ಎರಡು ವಾರ ಆ ದೋಣಿಗಳ ಮೇಲೆ ಅಭ್ಯಾಸ ಮಾಡಿದಳು. ಅವಳ ಹೊಲಿಗೆಯೆಲ್ಲ ಬಿಚ್ಚಿಹೋಯಿತು. ತಿರುಗು ಅಂದರೆ ಸ್ಕೀ ತಿರುಗದು, ತಿರುಗಿದರೆ ನಿಲ್ಲದು, ಮಂಜುಗಡ್ಡೆಯ ಮೇಲೆ ಗಡಗಡ ನಡುಗುತ್ತಾ ಅಡ್ಡ ಜಾರುವುದು. ಕೇಳಿದರೆ ‘ಇಟ್ಸ್ ಫೈನ್, ಅಮ್ಮ’ ಅನ್ನುತ್ತಿದ್ದಳು. ತೊಡೆಯ ಮೇಲಿನ ನೀಲಿಗಟ್ಟಿದ ಗಾಯ ನೋಡಿದ ಮೇಲೆ ನಾನು ಮನೆಯಲ್ಲಿ ಗಲಾಟೆ ಮಾಡಿದೆ. ಕೊನೆಗೆ ಮೂವರೂ ಸೇರಿ ಒಂದು ಒಪ್ಪಂದಕ್ಕೆ ಬಂದೆವು. ಪರೀಕ್ಷೆ ಓಟಕ್ಕೆ ಅವಳು ಎಂದಿನ ಕಿರಿದಾದ ಬಾಡಿಗೆ ಸ್ಕೀ ಹಾಕಿಕೊಳ್ಳುವುದು, ದೊಡ್ಡಪ್ಪನಿಗೆ ಡ್ರ್ಯಾಗನ್ ಪಕ್ಕದಲ್ಲಿ ನಿಂತ ಒಂದು ಫೋಟೋ ಕಳಿಸುವುದು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ನಿಜ ಹೇಳಿದ ಹಾಗೂ ಆಗಲಿಲ್ಲ. ಇಂಥ ಏರ್ಪಾಡು ಮಾಡುವುದರಲ್ಲಿ ನನ್ನ ಗಂಡನ ಮನೆಯವರನ್ನು ಮೀರಿಸುವವರಿಲ್ಲ.

ಓಟದ ಹಿಂದಿನ ವಾರ ಫೋನು ಬಂತು. ಲಾಂಗ್ ವೀಕೆಂಡ್ ಇರುವುದರಿಂದ ಭಾವನವರೇ ನೋಡಲು ಬರುತ್ತಾರಂತೆ. ‘ನನ್ನ ಸ್ಕೀ ಹೆಂಗೆ ಪರ್ಫಾರ್ಮ್ ಮಾಡುತ್ತೆ ಅಂತ ನೋಡ್ಬೇಕು,’ ಅಂದರು. ನನ್ನ ಸ್ಕೀ ಅಂದರು. ಅಲ್ಲಿಗೆ ಒಪ್ಪಂದ ಮುಳುಗಿತು. ನನ್ನ ಗಂಡ ‘ಒಂದಿನ ತಾನೇ’ ಅಂದರು. ಓಟದ ದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಮಗಳ ಬೂಟು ತೆಗೆದುಕೊಂಡು ಗುಡ್ಡಕ್ಕೆ ಹೋಗಿ, ಕಿರಿದಾದ ಸ್ಕೀ ಬಾಡಿಗೆಗೆ ಪಡೆದು, ಅವಳ ಬೂಟಿಗೆ ಹೊಂದಿಸಿ, ಅಂಚು ಉಜ್ಜಿಸಿ, ಲಾಡ್ಜಿನ ಹೊರಗಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅವರ ದಾರಿ ಕಾದೆ.

ರಾತ್ರಿಯೆಲ್ಲ ಚಳಿ ಕಚ್ಚಿದ್ದರಿಂದ ಗುಡ್ಡ ಕನ್ನಡಿಯಂತೆ ಹೊಳೆಯುತ್ತಿತ್ತು. ಕಂಬಗಳನ್ನು ನೆಟ್ಟು ದಾರಿ ಮಾಡಿದ್ದರು. ಒಬ್ಬೊಬ್ಬರಿಗೆ ಎರಡು ಓಟ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಕೋಚ್ ಮಾತು ಕಡಿಮೆಯ ಎತ್ತರದ ಹೆಂಗಸು. ಭಾವನವರು ಕೆಳಗೆ ಕೊನೆಯ ಕಂಬದ ಹತ್ತಿರ ಫೋನು ಹಿಡಿದು ನಿಂತರು. ಮಗಳು ಅವರ ಕಡೆ ನೋಡಿ, ಅಪ್ಪನ ಕಡೆ ನೋಡಿ, ಡ್ರ್ಯಾಗನ್ ಹೊತ್ತುಕೊಂಡು, ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿಗೆ ಹೋದಳು.

ಮೂರನೆಯ ಕಂಬದಲ್ಲೇ ಜಾರಿದಳು. ಸೊಂಟದ ಮೇಲೆ ಬಿದ್ದು, ಅಷ್ಟು ದೂರ ಸರಕ್ಕನೆ ಹೋಗಿ, ಎದ್ದು, ಉಳಿದ ಕಂಬಗಳನ್ನು ಮುಗಿಸಿ ಬಂದಳು. ಮುಖ ಕೆಂಪಾಗಿತ್ತು. ಭಾವನವರು ವಿಡಿಯೋ ನಿಲ್ಲಿಸಿ ನಕ್ಕರು.

‘ಏನಿಲ್ಲ ಪುಟ್ಟಿ, ನಿನ್ನ ಟೆಕ್ನಿಕ್ ಇನ್ನೂ ಇಂಪ್ರೂವ್ ಆಗ್ಬೇಕು. ಸ್ಕೀ ಮೇಲೆ ಬ್ಲೇಮ್ ಮಾಡ್ಬಾರ್ದು. ಕುಣಿಯೋಕೆ ಬರ್ದೇ ಇರೋಳು ನೆಲ ಡೊಂಕು ಅಂದ್ಲಂತೆ.’

ಅವಳು ಸ್ಕೀ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನಗೆ ಮೈ ಉರಿದುಹೋಯಿತು. ಅವಳನ್ನು ಪಕ್ಕಕ್ಕೆ ಕರೆದೆ.

‘ರೆಂಟಲ್ ರೆಡಿ ಇದೆ. ಅಲ್ಲಿದೆ ನೋಡು. ಹಾಕ್ಕೊಂಡು ಹೋಗು.’

‘ದೊಡ್ಡಪ್ಪ ವಿಲ್ ಫೀಲ್ ಬ್ಯಾಡ್.’

‘ಆಗ್ಲಿ.’

‘ಅಷ್ಟು ದೂರದಿಂದ ಬಂದಿದಾರೆ, ಅಮ್ಮ.’

ಈ ಮಾತು ಅವಳದ್ದಲ್ಲ. ಧಾಟಿ ಸಮೇತ ಅವಳಪ್ಪನದ್ದು. ನಾನು ತಿರುಗಿ ಅವಳಪ್ಪನನ್ನು ನೋಡಿದೆ. ಅವರು ಬಗ್ಗಿ, ಕಟ್ಟಿಯೇ ಇದ್ದ ಶೂ ಲೇಸನ್ನು ಕಟ್ಟುತ್ತಿದ್ದರು. ಎರಡನೆಯ ಓಟದಲ್ಲಿ ಮಗಳು ಬೀಳಲಿಲ್ಲ. ಬೀಳದ ಹಾಗೆ, ದೊಡ್ಡ ದೊಡ್ಡ ತಿರುವು ಹಾಕಿಕೊಂಡು, ತುಂಬಿದ ಬಿಂದಿಗೆ ಹೊತ್ತವಳಂತೆ ಇಳಿದಳು. ಅವಳಿಗಿಂತ ಚಿಕ್ಕ ಮಕ್ಕಳು ಅವಳಿಗಿಂತ ಬೇಗ ಇಳಿದಿದ್ದರು.

ಕೋಚ್ ಹತ್ತಿರ ಬಂದರು. ಮಗಳ ಕಾಲಿನ ಕಡೆ ನೋಡಿದರು. ಹಿಂದಿನ ವರ್ಷ ಇವಳು ಇಳಿಯುವುದನ್ನು ಕಂಡಿದ್ದೇನೆ ಎಂದರು. ಆಮೇಲೆ, ಈ ಸ್ಕೀ ಆರಿಸಿದವರು ಯಾರು ಎಂದು ಕೇಳಿದರು. ಕೋಪದಿಂದಲ್ಲ, ತಿಳಿದುಕೊಳ್ಳಲಿಕ್ಕೆ.

‘ನಾನೇ,’ ಅಂದಳು ಮಗಳು, ಇಂಗ್ಲಿಷಿನಲ್ಲಿ.

ಕೋಚ್ ತಲೆಯೆತ್ತಿ ದೊಡ್ಡವರ ಕಡೆ ನೋಡಿದರು. ನನ್ನ ಗಂಡ ಇನ್ನೊಂದು ಶೂವಿನ ಲೇಸಿಗೆ ಬಗ್ಗಿದರು. ಭಾವನವರು ಮಾತಾಡಿದರು. ‘ಯೆಸ್ ಯೆಸ್, ಹರ್ ಚಾಯ್ಸ್,’ ಅಂದರು, ನಕ್ಕರು, ‘ಕಿಡ್ಸ್, ಯು ನೋ,’ ಅಂದರು.

ಅಷ್ಟು ವರ್ಷ ಅವರ ಮೇಲೆ ನನಗಿದ್ದದ್ದು ತಾತ್ಸಾರ. ತಾತ್ಸಾರದಲ್ಲಿ ಒಂದು ಸುಖವಿದೆ, ಮನಸ್ಸಿನಲ್ಲೇ ನಕ್ಕು ಕಾಫಿ ಸೋಸಿ ಕೊಡಬಹುದು. ಆ ಮಾತು ಕೇಳಿದ ಮೇಲೆ ಆ ಸುಖ ಉಳಿಯಲಿಲ್ಲ. ಹದಿಮೂರು ವರ್ಷದ ಮಗು ಅವರ ಮಾನ ಕಾಯಲು ತನ್ನದನ್ನು ಬಿಟ್ಟುಕೊಟ್ಟಿತ್ತು, ಇವರು ಅದರ ಹಿಂದೆ ಅಡಗಿಕೊಂಡರು. ನನಗೆ ಅಸಹ್ಯವಾಯಿತು. ನಾನು ಕೋಚ್‌ಗೆ ಎಲ್ಲವನ್ನೂ ಹೇಳಿದೆ, ಇದು ಉಡುಗೊರೆ, ಇವಳು ಕಲಿತದ್ದು ಬೇರೆಯದರ ಮೇಲೆ, ಅದು ಅಲ್ಲೇ ನಿಂತಿದೆ, ಇನ್ನೊಂದೇ ಒಂದು ಓಟ ಕೊಡಿ ಅಂದೆ. ಅವರು ಕೇಳಿಸಿಕೊಂಡರು. ಎಲ್ಲರಿಗೂ ಎರಡೇ ಓಟ, ಇವಳೊಬ್ಬಳಿಗೆ ಮೂರು ಕೊಡಲಾಗದು, ಕ್ಷಮಿಸಿ, ಅಂದರು. ನ್ಯಾಯವೇ ಅಂದದ್ದು. ಕಂಬಗಳನ್ನು ಕೀಳಲು ಶುರುಮಾಡಿದರು.

‘ಎಲ್ಲರ ಮುಂದೆ ಯಾಕಮ್ಮ ಸೀನ್ ಮಾಡೋದು,’ ಅಂದರು ಭಾವನವರು. ‘ನೆಕ್ಸ್ಟ್ ಇಯರ್ ನೋಡೋಣ.’

‘ನೆಕ್ಸ್ಟ್ ಇಯರ್ ಇಲ್ಲ ಭಾವ,’ ಅಂದೆ. ‘ಇದೇ ಕೊನೇದಾಗಿತ್ತು.’

ಮಗಳು ನಮ್ಮಿಬ್ಬರ ಮಾತು ಕೇಳಿಸಿಕೊಳ್ಳುತ್ತಾ ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಕಂಡ ಮುಖವನ್ನು ಹೊಸದಾಗಿ ನೋಡುತ್ತಿದ್ದಳು. ಆಮೇಲೆ ಬಗ್ಗಿ, ಕಟಕ್ ಕಟಕ್ ಅಂತ ಡ್ರ್ಯಾಗನ್‌ಗಳನ್ನು ಕಳಚಿ, ಅಲ್ಲೇ ಹಿಮದ ಮೇಲೆ ಬಿಟ್ಟು, ಸ್ಟ್ಯಾಂಡಿನಿಂದ ಬಾಡಿಗೆ ಸ್ಕೀ ಎತ್ತಿಕೊಂಡು ಲಿಫ್ಟಿನ ಕಡೆ ನಡೆದಳು. ನನ್ನ ಗಂಡ ಅವಳನ್ನು ಕರೆದರು. ತಿರುಗಲಿಲ್ಲ.

ಮೇಲಿನಿಂದ ಹೊರಟಳು. ಕಂಬಗಳಿರಲಿಲ್ಲ, ಗಡಿಯಾರ ಹಿಡಿದವರಿರಲಿಲ್ಲ. ಅದೇ ಕಲ್ಲಿನಂಥ ನೆಲ. ಎಡ, ಬಲ, ಎಡ, ಬಲ, ಅಂಚು ಕಚ್ಚುವ ಸದ್ದು ಕೆಳಗಿದ್ದ ನಮಗೆ ಕೇಳಿಸುತ್ತಿತ್ತು. ಎಲ್ಲೂ ಜಾರಲಿಲ್ಲ. ನನ್ನ ಮಗಳು ಅಷ್ಟು ಚೆನ್ನಾಗಿ ಅದಕ್ಕೆ ಮೊದಲೂ ಇಳಿದಿರಲಿಲ್ಲ, ಆಮೇಲೂ ಇಳಿದಿಲ್ಲ. ಕೋಚ್ ಬೆನ್ನು ಮಾಡಿ ಕಂಬಗಳ ಹೊರೆ ಹೊತ್ತು ಲಾಡ್ಜಿನ ಕಡೆ ಹೋಗುತ್ತಿದ್ದರು, ನೋಡಲಿಲ್ಲ.

ಅವಳು ನೆಟ್ಟಗೆ ದೊಡ್ಡಪ್ಪನ ಕಡೆಗೇ ಬಂದು, ಎರಡೂ ಸ್ಕೀ ಅಡ್ಡ ತಿರುಗಿಸಿ ನಿಂತಳು. ಕೆರೆದ ಮಂಜಿನ ಪುಡಿ ಅವರ ಶೂಗಳ ಮೇಲೆ ಬಿತ್ತು. ಕನ್ನಡಕ್ಕೆ ತಡವರಿಸುವ ಹುಡುಗಿ, ಒಂದೊಂದೇ ಮಾತು ಜೋಡಿಸಿ ಹೇಳಿದಳು.

‘ದೊಡ್ಡಪ್ಪ, ನಾನು ಆರಿಸಿದ್ದು ಇದು.’